ಒಂಟೆಗೆ ಕುಡಿಸಿದ ನೀರು

ಹೊತ್ತೇರಿದರೂ ಪುಷ್ಯದ ಚಳಿ ಬಿಟ್ಟಿರಲಿಲ್ಲ. ತೆಂಗಳಿ ಊರಿನ ಕಾಶಪ್ಪನ ಮನೆಯ ಮುಂದಿನ ಕಣದಲ್ಲಿ ತೊಗರಿ ಬಡಿಯುವ ಕೆಲಸ ನಡೆದಿತ್ತು. ಮಾಳಮ್ಮ ಮತ್ತು ಅವಳ ಜೊತೆಯ ಹೆಣ್ಣಾಳುಗಳು ಒಣಗಿದ ಕಟ್ಟುಗಳನ್ನು ಬಿಚ್ಚಿ ಬಡಿಗೆಯಿಂದ ಬಡಿದಂತೆಲ್ಲ ಕಾಳು ಚಿಟಚಿಟನೆ ಸಿಡಿಯುತ್ತಿತ್ತು. ಹೊಟ್ಟು ಎದ್ದು ಗಾಳಿ ಕರೆದ ಕಡೆಗೆ ಹೊರಡುತ್ತಿತ್ತು, ಗಾಳಿ ಇವತ್ತು ಪಡಸಾಲೆಯ ಕಡೆಗೇ ಕರೆಯುತ್ತಿತ್ತು. ಪಡಸಾಲೆಯಲ್ಲಿ, ಶಹಾಬಾದ ಕಲ್ಲಿನ ತಣ್ಣನೆಯ ಹಾಸಿನ ಮೇಲೆ ಕಂಬಳಿ ಮಡಚಿ ಕೂತಿದ್ದ ಲಾಲ್ ಅಹ್ಮದ್ ತೊಡೆಯ ಮೇಲಿನ ಹಲಗೆಗೆ ಮೈಯನ್ನೇ ಮುಚ್ಚಳ ಮಾಡಿ, ಮರಿಗಳ ಮೇಲೆ ಕೂತ ಕೋಳಿಯಂತೆ ಬಾಗಿಕೊಂಡಿದ್ದ. ಹಸಿ ಮಸಿಯ ಮೇಲೆ ಹೊಟ್ಟಿನ ಒಂದು ಚೂರು ಕೂತರೆ ಅಕ್ಷರಕ್ಕೆ ಮೀಸೆ ಬರುತ್ತದೆ. ಮೊನ್ನೆ ರಾಜಕುಮಾರಿಯ ಹೆಸರಿಗೇ ಮೀಸೆ ಬಂದು, ಅದನ್ನು ಬೋಳಿಸುವುದರಲ್ಲಿ ಅರ್ಧ ದಿನ ಹೋಗಿತ್ತು. ಜಾಗೀರದಾರರ ದೇವಡಿಯಲ್ಲಿ ಮಾಳಿಗೆ ಕೆಡವಿ ಕಟ್ಟಿಸುತ್ತಿದ್ದಾರೆ, ಅಲ್ಲಿ ಸುಣ್ಣದ ಧೂಳು, ಕಾಗದಕ್ಕೆ ಆಗಿಬರುವುದಿಲ್ಲ ಎಂದು ಮುನ್ಷಿ ಅವನನ್ನು ಈ ಪಡಸಾಲೆಗೆ ತಂದು ಕೂಡಿಸಿದ್ದ. ಆಗ ಮಳೆಗಾಲ. ತೊಗರಿ ಇನ್ನೂ ಹೊಲದಲ್ಲಿ ಮೊಳಕಾಲುದ್ದ ಇತ್ತು. ಅದು ಒಂದು ದಿನ ಒಣಗಿ ಮನೆಯ ಮುಂದೆಯೇ ಬಂದು ಬೀಳುತ್ತದೆಂದು ಮುನ್ಷಿಗೂ ಹೊಳೆಯಲಿಲ್ಲ, ಹಳ್ಳಿಯಲ್ಲೇ ಹುಟ್ಟಿದ ಲಾಲ್ ಅಹ್ಮದನಿಗೂ ಹೊಳೆಯಲಿಲ್ಲ.

ಗಾಳಿ ನಿಂತಿತು. ಅವನು ಮೈ ಎತ್ತಿ, ನಿನ್ನೆ ಮುಗಿಸಿದ ಹಾಳೆಯನ್ನು ಒಣಗಿದೆಯೇ ಎಂದು ಬೆಳಕಿಗೆ ಹಿಡಿದ. ಆಗ ಆ ಪದ ಕಣ್ಣಿಗೆ ಬಿತ್ತು.

ಪುಟದ ಕೆಳಗೆ, ಅಂಚಿನ ಗೆರೆಯ ಹೊರಗೆ, ಮುಂದಿನ ಪುಟದ ಮೊದಲ ಪದವನ್ನು ಸಣ್ಣದಾಗಿ ಓರೆಯಾಗಿ ಬರೆದಿಡುವುದು ಕಾತಿಬರ ಪದ್ಧತಿ. ಪುಸ್ತಕದ ನಕಲು ಬರೆದೇ ಹೊಟ್ಟೆ ಹೊರೆಯುವ ಈ ಮಂದಿ ಹಾಳೆಗೆ ಅಂಕಿ ಹಾಕುವವರಲ್ಲ. ಹೊಲಿಯುವವನು ಆ ಪದ ನೋಡಿಯೇ ಹಾಳೆಗೆ ಹಾಳೆ ಕೂಡಿಸಬೇಕು. ಕುದುರೆ ಹತ್ತುವವನು ಕಾಲಿಡುವ ರಿಕಾಬಿನ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ. ಓದುವವನು ಅದರ ಮೇಲೆ ಕಾಲಿಟ್ಟು ಮುಂದಿನ ಪುಟಕ್ಕೆ ಏರಬೇಕು. ಎಡಗಡೆ ತೆರೆದಿಟ್ಟ ಮೂಲ ಪುಸ್ತಕದ ಪ್ರಕಾರ ಅಲ್ಲಿ ‘ಖಂಜರ್’ ಎಂದಿರಬೇಕಾಗಿತ್ತು. ಅಂದರೆ ಕಠಾರಿ. ಲಾಲ್ ಅಹ್ಮದನ ಕೈ ಬರೆದದ್ದು ‘ಆಬ್’. ಅಂದರೆ ನೀರು.

ಮೂವತ್ತು ವರ್ಷದ ಕೈ ಅದು. ಬಿಂದು ಬಿಟ್ಟಿರಬಹುದು, ಒಂದು ಸಾಲು ಎರಡು ಸಲ ಬರೆದಿರಬಹುದು. ಆದರೆ ಮೂಲದಲ್ಲಿ ಇಲ್ಲದ ಪದವನ್ನು ತಾನಾಗಿ ತಂದಿಟ್ಟಿದ್ದು ಇದೇ ಮೊದಲು. ನೋಡಿದರೆ ಪದ ಚೆನ್ನಾಗಿಯೇ ಬಂದಿತ್ತು, ಅದೇ ಅವನಿಗೆ ಇನ್ನೂ ಹೆಚ್ಚು ನಾಚಿಕೆ ತಂದಿತು. ಮೊದಲಕ್ಷರದ ಅಲಿಫ್ ನೆಟ್ಟಗೆ, ಅದರ ತಲೆಯ ಮೇಲಿನ ಗೀರು ತೆಳ್ಳಗೆ, ಕೊನೆಯ ಅಕ್ಷರ ಬೋಗುಣಿಯಂತೆ ಆಳ. ತಪ್ಪು ಮಾಡುವಾಗ ಕೈ ಇಷ್ಟು ನೆಮ್ಮದಿಯಿಂದ ಇತ್ತೇ? ರಂಜಾನ್ ಉಪವಾಸ, ನಿನ್ನೆ ಇಳಿಹೊತ್ತಿನಲ್ಲಿ ಬಾಯಿ ಒಣಗಿತ್ತು, ನೀರಡಿಕೆಗೆ ಕೈ ನೀರು ಬರೆಯಿತು, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ. ಇನ್ನೊಂದು ಕಾರಣ ಒಳಗೆ ಎಲ್ಲೋ ಕೆಮ್ಮಿತು. ಅದನ್ನು ಕೇಳಿಸಿಕೊಳ್ಳದವನಂತೆ ಕಲಮು ಎತ್ತಿ ತುದಿ ನೋಡಿದ.

ಅಳಿಸುವುದೇನು ದೊಡ್ಡ ಕೆಲಸವಲ್ಲ. ಗಂಜಿ ಸವರಿ ಶಂಖದಿಂದ ಉಜ್ಜಿ ನುಣುಪು ಮಾಡಿದ ಕಾಗದದ ಮೇಲೆ ದೀಪದ ಮಸಿಯಿಂದ ಬರೆದ ಅಕ್ಷರ ಮೇಲಷ್ಟೇ ಕೂತಿರುತ್ತದೆ. ನಾಲಿಗೆಯ ತುದಿಯಿಂದ ನೆಕ್ಕಿದರೆ ಎದ್ದು ಬರುತ್ತದೆ. ಚಿಂಚೋಳಿಯ ಉಸ್ತಾದರ ಮುಂದೆ ಕೂತು ಕಲಿಯುವಾಗ ಅವನ ನಾಲಿಗೆ ವರ್ಷವಿಡೀ ಕಪ್ಪಗಿರುತ್ತಿತ್ತು. ನಾಲಿಗೆ ತೋರಿಸು ಎನ್ನುತ್ತಿದ್ದರು ಉಸ್ತಾದರು. ಕಪ್ಪಿದ್ದರೆ ಇಷ್ಟು ತಪ್ಪು ಯಾಕೆ ಮಾಡಿದೆ ಎಂದು ಏಟು, ಕೆಂಪಗಿದ್ದರೆ ತಪ್ಪನ್ನು ತಿದ್ದದೆ ಯಾಕೆ ಬಿಟ್ಟೆ ಎಂದು ಏಟು. ಒದ್ದೆ ಬಟ್ಟೆಯಿಂದ ಒರೆಸಿದರೆ ಮಸಿ ಹರಡಿ ಅಂಚಿನ ಕೆಂಪು ಗೆರೆಗೆ ತಾಗುತ್ತದೆ. ನಾಲಿಗೆಯೇ ಆಗಬೇಕು. ಆದರೆ ಮಸಿ ನೆಕ್ಕಿದರೆ ಉಪವಾಸ ಉಳಿಯುತ್ತದೋ ಮುರಿಯುತ್ತದೋ? ಮಸೀದಿಯ ಮುಲ್ಲಾನನ್ನು ಕೇಳಿದರೆ ಆತ ಮೊದಲು, ನೆಕ್ಕುವಂಥದ್ದು ಏನು ಬರೆದೆ ಎಂದು ಕೇಳುತ್ತಾನೆ. ಸಂಜೆ ಉಪವಾಸ ಬಿಟ್ಟ ಮೇಲೆ ನೋಡೋಣ ಎಂದುಕೊಂಡ. ಹಾಗೆ ಅಂದುಕೊಂಡಾಗ ಆದ ನೆಮ್ಮದಿ ನೋಡಿದರೆ, ಇದು ಧರ್ಮದ ಪ್ರಶ್ನೆಯಲ್ಲವೆಂದು ಅವನಿಗೂ ಗೊತ್ತಿತ್ತು.

“ಏನ್ರಿ ಸಾಬ್ರ, ಹಾಳಿ ಹಿಡದು ಕುಂತೀರಿ ಹಪ್ಪಳ ಸುಟ್ಟಾಂಗ,” ಎಂದಳು ಕಣದಿಂದ ಮಾಳಮ್ಮ.

“ಒಣಗಸ್ಲಿಕತ್ತೀನಿ,” ಎಂದ.

ಈ ಕೆಲಸಕ್ಕೆ ಕೈ ಹಾಕಿದಾಗಿನಿಂದ ಎಲ್ಲವೂ ಸ್ವಲ್ಪ ತಲೆಕೆಳಗಾಗಿಯೇ ಇತ್ತು. ಜಾಗೀರದಾರರು ಹೈದರಾಬಾದಿನಲ್ಲಿ ಯಾರೋ ನವಾಬರ ಮನೆಯಲ್ಲಿ ಕೈಬರಹದ ಹಳೆಯ ಫಾರಸಿ ದಾಸ್ತಾನೊಂದನ್ನು ನೋಡಿ ಬಂದಿದ್ದರು. ರಾಜಕುಮಾರರು, ದೈತ್ಯರು, ಮಾಯಾಕೋಟೆಗಳು ತುಂಬಿದ, ಮುಗಿಯಲು ಮನಸ್ಸಿಲ್ಲದ ಕಥೆ. ಜರಿಬಟ್ಟೆಯಲ್ಲಿ ಸುತ್ತಿ, ಗಂಧದ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ತಮ್ಮ ಮನೆತನದಲ್ಲೂ ಅಂಥದೊಂದು ಇರಬೇಕಾಗಿತ್ತು, ಇಲ್ಲದ್ದು ಅಜ್ಜನ ತಪ್ಪು ಎಂದು ಜಾಗೀರದಾರರಿಗೆ ಅನಿಸಿತು. ಅಜ್ಜನ ತಪ್ಪನ್ನು ತಿದ್ದಲು ಮುನ್ಷಿ ಚಾರ್‌ಮಿನಾರಿನ ಬಳಿಯ ಅಂಗಡಿಯಿಂದ ಅದೇ ದಾಸ್ತಾನಿನ ಕಲ್ಲಚ್ಚಿನ ಪ್ರತಿಯೊಂದನ್ನು ತಂದ. ಕಾಗದ ಹಳತಾಗಿ ಕಾಣಲೆಂದು ಚಹಾದ ನೀರಿನಲ್ಲಿ ಅದ್ದಿಸಿದ. ಅಚ್ಚು ಬಂದು ಕಾತಿಬರ ಹೊಟ್ಟೆಯ ಮೇಲೆ ಹೊಡೆಯಿತೆಂದು ಎಲ್ಲರೂ ಅನ್ನುವ ಕಾಲದಲ್ಲಿ, ಅಚ್ಚಿನ ಪುಸ್ತಕ ಎದುರಿಗಿಟ್ಟುಕೊಂಡು ಕೈಯಿಂದ ನಕಲು ಮಾಡುವ ಮೊದಲ ಕಾತಿಬ ತಾನೇ ಇರಬೇಕು ಎಂದು ಲಾಲ್ ಅಹ್ಮದನಿಗೆ ನಗು ಬರುತ್ತಿತ್ತು. ಊರಿಗೆ ಹೋದಾಗ ಹೆಂಡತಿ ರಹೀಮಾಳಿಗೆ ಇದನ್ನು ಹೇಳಿ ನಗಿಸಬೇಕೆಂದು ಮಾಡಿದ್ದ. ಹೇಳಿದ. ಅವಳು ನಗಲಿಲ್ಲ. ಹಂಗಾದರೆ ಹೊಸದಾಗಿ ಕಾಣುವ ಕಾಗದಕ್ಕೆ ಕೂಲಿ ಕಡಿಮೆಯೋ ಎಂದು ಕೇಳಿದಳು.

ಕಾಶಪ್ಪನ ತಾಯಿ ಶಿವಕಾಂತಮ್ಮ ಮೊದಮೊದಲು ಅವನ ಕಡೆ ನೋಡುತ್ತಲೂ ಇರಲಿಲ್ಲ. ಸರಕಾರದ ಕಾಗದವೆಲ್ಲ ಆ ಲಿಪಿಯಲ್ಲೇ ಬರುತ್ತಿದ್ದವು; ಅವಳಿಗೆ ಅದು ತಲಾಠಿಯ ಅಕ್ಷರ, ಪೊಲೀಸರ ಅಕ್ಷರ. ಮನೆಗೆ ಅಂಥ ಕಾಗದ ಬಂದರೆ ಯಾರೋ ಓಡಾಡಬೇಕು, ಯಾರೋ ಅಳಬೇಕು. ಒಂದು ಮಧ್ಯಾಹ್ನ ಮೊರದಲ್ಲಿ ಕಾಳು ಕೇರುತ್ತ ಕುತ್ತಿಗೆ ಉದ್ದ ಮಾಡಿ, “ಇವೇನೋ ಕುಡಗೋಲು ಒಗದಾಂಗ ಅವ. ಯಾರ ಮ್ಯಾಲ ಹುಕುಂ ಇದು?” ಎಂದು ಕೇಳಿದಳು. ಹುಕುಂ ಅಲ್ಲಮ್ಮ, ಕಥೆ ಎಂದ. ಅವಳು ನಂಬಲಿಲ್ಲ. ಇಷ್ಟು ಖರ್ಚು ಮಾಡಿ, ಇಷ್ಟು ಬೆನ್ನು ಬಾಗಿಸಿ ಬರೆಯುವುದು ಕಥೆಯೇ? ನಂಬಿಸಲೆಂದು ಅವನು ಹೇಳಲು ಶುರುಮಾಡಿದ. ಬರೆಯುವ ಮೊದಲು ಇಡೀ ಪುಸ್ತಕ ಓದಿಕೊಂಡಿದ್ದರಿಂದ ಕೈ ಹಿಂದೆ, ಬಾಯಿ ಮುಂದೆ. ಅಲ್ಲಿಂದ ದಿನಾ ಇಳಿಹೊತ್ತು ಅವಳು ಕಾಳು ಹಿಡಿದು ಬಂದು ಕೂರುವುದು, ಅವನು ಕಲಮು ತೊಳೆದಿಟ್ಟು ಹೇಳುವುದು, ಹೇಳಿದ್ದಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ರೊಟ್ಟಿ ಬರುತ್ತಿದ್ದದ್ದು ಬೇರೆ ತಟ್ಟೆಯಲ್ಲಿ. ಆ ತಟ್ಟೆ ಪಡಸಾಲೆಯ ಗೂಡಿನಲ್ಲೇ ಇರುತ್ತಿತ್ತು, ತೊಳೆಯುವವನು ಅವನೇ. ಇದು ಎಲ್ಲ ಊರಿನ ರೀತಿ, ಅವನು ಬೇಸರ ಮಾಡಿಕೊಂಡವನಲ್ಲ. ಒಂದು ದಿನ ಮಾತ್ರ ತಟ್ಟೆ ತೊಳೆದಿಟ್ಟದ್ದನ್ನು ನೋಡಿ ಶಿವಕಾಂತಮ್ಮ, “ಬೂದಿ ಹಚ್ಚಿ ತಿಕ್ಕೋ ಸಾಬಾ. ಮಸಿ ಬಳಿಯವನ ಕೈಗಿ ತಟ್ಟಿ ಬೆಳ್ಳಗ ಮಾಡಾಕ ಬರವಲ್ದೇನು?” ಅಂದಿದ್ದಳು. ಯಾರೂ ಮಾಡದ ಅವಮಾನ ಅದು. ಯಾರೂ ಮಾಡದಷ್ಟು ಸಲಿಗೆಯೂ ಅದೇ. ಅವನು ಬೂದಿ ಹಚ್ಚಿ ತಿಕ್ಕಿದ.

ಕಥೆಯಲ್ಲಿ ರಾಜಕುಮಾರನಿಗೆ ಒಂದು ಒಂಟೆ. ಮುದಿ ಒಂಟೆ. ಹಾದಿ ಬಲ್ಲದ್ದು, ಮಾತು ಕೇಳುವಂಥದ್ದು. ದೈತ್ಯನ ಬೆಟ್ಟ ದಾಟಿಸಿದ್ದು ಅದೇ. ಶಿವಕಾಂತಮ್ಮನಿಗೆ ರಾಜಕುಮಾರಿಯ ಮೇಲೆ ಅಂಥ ಅಕ್ಕರೆ ಬರಲಿಲ್ಲ. ಕೆಲಸವಿಲ್ಲದೆ ಮಾಳಿಗೆಯ ಮೇಲೆ ನಿಲ್ಲುವ ಹುಡುಗಿ ಎಂದಳು. ರಾಜಕುಮಾರನನ್ನೂ ಅಷ್ಟಕ್ಕಷ್ಟೇ ನೋಡಿದಳು. ಅವಳು ದಿನಾ ಕೇಳುತ್ತಿದ್ದದ್ದು ಒಂಟೆಯನ್ನು. ಅದಕ್ಕೆ ಮೇವು ಹಾಕಿದನೇನು, ಅದರ ಬೆನ್ನು ಹುಣ್ಣಾಗಿರಬೇಕಲ್ಲ, ಅವನು ಇಳಿದು ಸ್ವಲ್ಪ ನಡೆಯಬಾರದೇನು. ಎಳ್ಳಮಾಸಿ ಹಬ್ಬದ ದಿನ ಅವನನ್ನೂ ಹೊಲಕ್ಕೆ ಕರೆದುಕೊಂಡು ಹೋಗಿದ್ದರು. ಭಜ್ಜಿ, ಸಜ್ಜೆ ಕಡಬು ಉಂಡು ಎಲ್ಲರೂ ಮರದ ನೆರಳಿನಲ್ಲಿ ಕೂತಾಗ ಶಿವಕಾಂತಮ್ಮ ಮನೆಯ ಮುದಿ ಎತ್ತು ಹಂಡ್ಯಾನ ಬಾಯಿಗೆ ಕಡಬು ಹಿಡಿದು, ತಿರುಗಿ ನೋಡದೆಯೇ, “ಒಂಟಿ ಮರಳುಗಾಡಕ್ಕ ಬಂದಿತ್ತು. ಮುಂದ?” ಎಂದಳು. ಮುಂದೆ ಏನಿತ್ತೆಂದರೆ, ಬಾಯಾರಿದ ರಾಜಕುಮಾರ ಕಠಾರಿ ತೆಗೆದು ಒಂಟೆಯ ಹೊಟ್ಟೆ ಸೀಳಿ ಒಳಗಿನ ನೀರು ಕುಡಿದು ಬದುಕಿಕೊಳ್ಳುತ್ತಾನೆ. ನಾಲ್ಕು ಸಾಲು ಅತ್ತು ಮುಂದೆ ಹೋಗುತ್ತಾನೆ. ಹಂಡ್ಯಾ ಕಡಬನ್ನು ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ ಹೊರಳಿಸುತ್ತಿತ್ತು. ಲಾಲ್ ಅಹ್ಮದನ ಬಾಯಿಯಲ್ಲಿ ಅವಳು ಹಾಕಿದ ಕಡಬೇ ಇತ್ತು. ನುಂಗಿ, “ರಾಜಕುಮಾರ ತನ್ನ ಪಾಲಿನ ನೀರು ಅದಕ್ಕ ಕುಡಿಸಿದ,” ಅಂದುಬಿಟ್ಟ.

ಅದು ಅಲ್ಲಿಗೆ ನಿಂತಿದ್ದರೆ ಯಾರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಕಾಶಪ್ಪ ಹಂಡ್ಯಾನನ್ನು ಮಾರುವ ಮಾತೆತ್ತಿದ. ಎತ್ತಿಗೆ ನೊಗ ಹೊರಲು ಆಗುತ್ತಿರಲಿಲ್ಲ, ಕೂತರೆ ಇಬ್ಬರು ಬಾಲ ಹಿಡಿದು ಎಬ್ಬಿಸಬೇಕು, ಅದು ಕೂಡುವ ಜಾಗದಲ್ಲಿ ಒಂದು ಹೋರಿ ಕಟ್ಟಬಹುದು. ಕಾಶಪ್ಪ ಕೆಟ್ಟವನಲ್ಲ; ಲೆಕ್ಕದವನು. ಶಿವಕಾಂತಮ್ಮ ಸೆರಗು ಬಿಗಿದು, “ಅರಸನ ಮಗ ಮರಳುಗಾಡದಾಗ ತಾ ಸಾಯಾಕ ಬಂದಾಗ ಮಾಡಲಾರದ್ದು ನೀ ಊರಾಗ ಕುಂತು ಮಾಡ್ತೀ?” ಎಂದಳು. ಅಂದಿನಿಂದ ಆ ಮನೆಯಲ್ಲಿ ರಾಜಕುಮಾರನ ಹೆಸರು ಹಿರಿಯರ ಹೆಸರಿನಂತೆ ಓಡಾಡಿತು. ರಂಜಾನ್ ಚಂದ್ರ ಕಂಡದ್ದೇ ಲಾಲ್ ಅಹ್ಮದ್, ಉಪವಾಸದಲ್ಲಿ ಗಂಟಲು ಒಣಗುತ್ತದೆ ಎಂದು ಕಥೆ ನಿಲ್ಲಿಸಿದ. ಕಥೆಯಿಲ್ಲದಿದ್ದರೂ ಸಂಜೆಯ ರೊಟ್ಟಿ ನಿಲ್ಲಲಿಲ್ಲ. ಈಗ ಅದು ಹೊತ್ತು ಮುಳುಗುವುದಕ್ಕೇ ಸರಿಯಾಗಿ ಬರುತ್ತಿತ್ತು, ಜೊತೆಗೆ ಒಂದು ತಂಬಿಗೆ ನೀರು. ತಿನ್ನುವಾಗೆಲ್ಲ ಕೊಟ್ಟಿಗೆಯಿಂದ ಹಂಡ್ಯಾ ಉಸಿರು ಬಿಡುವ ಸದ್ದು ಕೇಳುತ್ತಿತ್ತು. ತಾನು ಹೇಳಿದ ಒಂದು ಮಾತು ಅಲ್ಲಿ ಮೇವು ತಿನ್ನುತ್ತ ನಿಂತಿದೆ ಎಂದು ಅವನಿಗೆ ಅನಿಸುತ್ತಿತ್ತು.

ಕಾಶಪ್ಪ ನಿನ್ನೆ ಚಿತ್ತಾಪುರದ ಪೇಟೆಗೆ ಹೋದವನು ಬಂಡಿ ಬಿಟ್ಟು ಕಣಕ್ಕೆ ಬಂದಾಗ ಹೊತ್ತು ನೆತ್ತಿಗೇರಿತ್ತು. ರಾಶಿ ನೋಡಲಿಲ್ಲ. ಆಳುಗಳನ್ನು ಬಯ್ಯಲಿಲ್ಲ. ನೇರ ಪಡಸಾಲೆಯ ಮೆಟ್ಟಿಲ ಮೇಲೆ ಕೂತು ತಲೆಯ ಪಟಕಾ ಬಿಚ್ಚಿದ.

“ಸಾಬ್ರ, ಚಿತ್ತಾಪುರ ಕಚೇರಿ ಮುಂದ ಒಬ್ಬ ಅರ್ಜಿ ಬರಿಯವ ಕುಂದುರ್ತಾನ. ಫಾರಸಿ ಓದ್ಕೊಂಡವ. ಕೇಳಿದೆ.”

“ಏನ್ ಕೇಳಿದಿ ಕಾಶಪ್ಪಾ?”

“ನಿಮ್ಮ ಒಂಟಿ ಸಮಾಚಾರ.”

ಲಾಲ್ ಅಹ್ಮದ್ ಕಲಮನ್ನು ನೀರಿನ ಬಟ್ಟಲಲ್ಲಿ ಇಟ್ಟ. ಅದು ಮೊದಲೇ ತೊಳೆದ ಕಲಮು.

“ಸಣ್ಣಾವಿದ್ದಾಗ ಅವರ ಮುತ್ಯಾ ಈ ಕಥಿ ಓದಿ ಹೇಳ್ತಿದ್ನಂತ. ‘ಅದರ ಹೊಟ್ಟಿ ಸೀಳಿ ನೀರು ಕುಡದಾನಲ್ಲೋ’ ಅಂತ ನಗಾಕತ್ತಿದ. ನಾ ಅಂದೆ, ಹಂಗಲ್ರಿ, ಅವನೇ ಒಂಟಿಗಿ ನೀರು ಕುಡಸ್ಯಾನ. ಅವಾಗ ಅವ ನಕ್ಕದ್ದು ಒಂಟಿಗಿ ಅಲ್ಲ, ನನಗ.”

ಕಣದ ಬಡಿಗೆಗಳು ಒಂದೊಂದಾಗಿ ನಿಂತವು. ಬಾಗಿಲ ಹತ್ತಿರ ಕಾಳು ಆರಿಸುತ್ತಿದ್ದ ಶಿವಕಾಂತಮ್ಮ ಮೊರ ಕೆಳಗಿಟ್ಟಳು.

“ಹೌದೇನೋ ಸಾಬಾ?”

“ಪುಸ್ತಕದಾಗ ಹಂಗ ಅದ ಅಮ್ಮಾ.”

“ಮತ್ತ ನೀ ಹೇಳಿದ್ದು?”

ಅವನು ಬಟ್ಟಲಿಂದ ಕಲಮು ತೆಗೆದು ಒರೆಸತೊಡಗಿದ. ನೀವು ಹಾಕಿದ ಕಡಬು ಬಾಯಿಯಲ್ಲಿತ್ತು ಎನ್ನಬಹುದಾಗಿತ್ತು.

“ಉಪಾಸ ಹಿಡದು ಸುಳ್ಳ್ ಹೇಳ್ಯಾರ ಬಿಡ್ರಿ ಯವ್ವಾ,” ಎಂದಳು ಮಾಳಮ್ಮ.

“ಅವಾಗ ಉಪಾಸ ಇರಲಿಲ್ಲ,” ಎಂದ ಲಾಲ್ ಅಹ್ಮದ್. ಹೆಣ್ಣಾಳುಗಳು ಸೆರಗು ಬಾಯಿಗೆ ಒತ್ತಿಕೊಂಡರು. ತನ್ನ ಪರವಾಗಿ ಹೇಳಲು ಇದೊಂದೇ ಮಾತು ಸಿಕ್ಕಿತಲ್ಲ ಎಂದು ಅವನಿಗೆ ಬೆವರು ಬಂತು.

ಕಾಶಪ್ಪನಿಗೆ ಗೆದ್ದ ಸಂತೋಷಕ್ಕಿಂತ ಹೆಚ್ಚಾಗಿ ಮನಸ್ಸು ಹಗುರಾದಂತಿತ್ತು. “ಯವ್ವಾ, ನಾ ಸಾಬ್ರಿಗಿ ಏನೂ ಅನ್ನಂಗಿಲ್ಲ. ನೀನ ಅಂದಿದ್ದಿ, ಅರಸನ ಮಗ ಮಾಡಲಾರದ್ದು ಅಂತ. ಅವ ಮಾಡ್ಯಾನ. ನಾ ಕೊಯ್ಯಾಕ ಹೊಂಟಿಲ್ಲ, ಮಾರಾಕ ಹೊಂಟೀನಿ. ಶೇಡಂ ಅಂಬಾರಾಯಗ ಹೇಳಿ ಬಂದೀನಿ, ಇಳಿಹೊತ್ತಿಗಿ ಬರ್ತಾನ.” ಅಂಬಾರಾಯ ದನದ ದಲಾಲಿ. ಮುದಿ ದನ ಕೊಂಡು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾನೆಂದು ಯಾರೂ ಅವನನ್ನು ಕೇಳುತ್ತಿರಲಿಲ್ಲ.

ಶಿವಕಾಂತಮ್ಮ ಮಗನಿಗೆ ಬೆನ್ನು ತಿರುಗಿಸಿದಳು. ಎದ್ದು ಪಡಸಾಲೆಗೆ ಬಂದು, ಕಾತಿಬನ ಎದುರಿಗೆ, ಮಸಿಬಟ್ಟಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತಳು.

“ನಾ ಯಾವ ಕಥಿಗಿ ರೊಟ್ಟಿ ಹಾಕೀನಿ?”

“ಅಮ್ಮಾ…”

“ನೀರು ಕುಡಿಸಿದ ಕಥಿಗಿ. ಹೊಟ್ಟಿ ಸೀಳಿದ ಕಥಿಗಿ ನಾ ಒಂದು ತುತ್ತೂ ಹಾಕಿಲ್ಲ. ನನ್ನ ಕಥಿ ನನಗ ಕೊಡು.”

“ಹೇಳಿ ಕೊಟ್ಟೀನಲ್ಲಮ್ಮಾ.”

“ಬಾಯಿಲೆ ಕೊಟ್ಟದ್ದು ನೋಡು, ಇಂವ ಚಿತ್ತಾಪುರಕ್ಕ ಹೋಗಿ ಬರೂದರಾಗ ಹಾರಿ ಹೋತು. ಬರದು ಕೊಡು.”

“ನಿಮಗ ಓದಾಕ ಬರಂಗಿಲ್ಲ.”

“ನಿನ್ನ ಜಾಗೀರದಾರಗ ಬರ್ತದೇನು?”

ಬರುತ್ತಿರಲಿಲ್ಲ, ಅಥವಾ ಬರುತ್ತದೆಂದು ಯಾರೂ ನೋಡಿರಲಿಲ್ಲ. ಕಾಶಪ್ಪ ನಕ್ಕು, ಬರ್ಕೊಡ್ರಿ ಸಾಬ್ರ, ಮುದುಕಿ ಸಮಾಧಾನ ಆಗ್ಲಿ ಎಂದು ರಾಶಿಯ ಕಡೆಗೆ ಹೋದ. ಅವಳು ಮಾತ್ರ ಕದಲದೆ ಕೂತಿದ್ದಳು. ಕಣ್ಣಲ್ಲಿ ನಗು ಇತ್ತು ಎಂದು ಅವನಿಗೆ ಒಂದು ಸಲ ಅನಿಸಿತು, ಇರಲಿಲ್ಲ ಎಂದು ಇನ್ನೊಂದು ಸಲ ಅನಿಸಿತು.

ಉಳಿದ ಕಾಗದದಲ್ಲಿ ಒಂದು ಹಾಳೆ ತೆಗೆದುಕೊಂಡು, ದಾರ ಬಿಗಿದ ಹಲಗೆಯ ಮೇಲೆ ಒತ್ತಿ ಸಾಲಿನ ಗುರುತು ಮೂಡಿಸಿದ. ಕಲಮಿಗೆ ಮಸಿ ತಾಗಿಸಿದ. ಎಡಗಡೆಗೆ, ಮೂಲ ಇರುವ ಜಾಗಕ್ಕೆ, ಕಣ್ಣು ತಾನಾಗಿ ಹೋಯಿತು. ಪುಸ್ತಕ ಎತ್ತಿಟ್ಟಿದ್ದ; ಅಲ್ಲಿ ಬರಿಯ ಹಾಸುಗಲ್ಲು ಇತ್ತು. ಆಗ ಅವನಿಗೆ ತಿಳಿಯಿತು: ಮೂವತ್ತು ವರ್ಷ ಫಾರಸಿ ಬರೆದ ಈ ಕೈ ತನ್ನದೆಂಬ ಒಂದು ಫಾರಸಿ ವಾಕ್ಯವನ್ನು ಇವತ್ತಿನವರೆಗೆ ಬರೆದಿಲ್ಲ. ರಹೀಮಾಳಿಗೆ ಬರೆಯುವ ಕಾಗದ ದಖ್ಖನಿಯಲ್ಲಿ. ಅದೂ ಬೆಲ್ಲ ತಂದೆಯಾ, ಕೆಮ್ಮು ಹೇಗಿದೆ ಎಂಬಷ್ಟು. ಎಷ್ಟು ಸಾವಿರ ರಾಜರನ್ನು ಪಟ್ಟಕ್ಕೆ ಕೂಡಿಸಿದ್ದಾನೆ, ಎಷ್ಟು ತೋಟಗಳಲ್ಲಿ ಹೂ ಅರಳಿಸಿದ್ದಾನೆ, ಒಂದೂ ಅವನದಲ್ಲ. ಪರರ ಮನೆಯ ಮದುವೆಗೆ ದಿನಾ ಹಂದರ ಹಾಕಿ, ತನ್ನ ಮನೆಯಲ್ಲಿ ಕೂರಲು ಚಾಪೆ ಇಲ್ಲದವನಂತೆ ಕೂತ. ‘ಆಬ್’ ಎಂದು ಶುರುಮಾಡಿದ, ಆ ಪದವನ್ನಂತೂ ಕೈ ಒಪ್ಪಿತ್ತು. ಮುಂದೆ? ನೀರನ್ನು ಯಾವುದರಲ್ಲಿ ಕೊಟ್ಟ? ಚರ್ಮದ ಚೀಲ ಎನ್ನಲು ಪದ ಹೊಳೆಯಲಿಲ್ಲ. ಬಂಗಾರದ ಬಟ್ಟಲಿಗೆ ಹನ್ನೆರಡು ಪದ ಹೊಳೆದವು. ಮರಳುಗಾಡಿನಲ್ಲಿ ಬಂಗಾರದ ಬಟ್ಟಲು ಎಲ್ಲಿಂದ ಬರಬೇಕು? ಅಂಗೈಯಲ್ಲಿ ಎಂದು ಬರೆದ. ಒಂಟೆಯ ಬಾಯಿಗೆ ಅಂಗೈ ಸಾಲದು ಎಂದು ನೆನಪಾಗಿ, ಮತ್ತೆ ಮತ್ತೆ ಅಂಗೈಯಲ್ಲಿ ಎಂದು ಸೇರಿಸಿದ. ಕುಡಿದ ಮೇಲೆ ಒಂಟೆ ಏನು ಮಾಡಿತು? ಪುಸ್ತಕದ ಒಂಟೆಗಳು ಮಾತಾಡುತ್ತವೆ, ಹರಸುತ್ತವೆ. ಅವನು ಕೊಟ್ಟಿಗೆಯ ಕಡೆ ನೋಡಿದ. ಹಂಡ್ಯಾ ಮೂಗಿನ ಮೇಲೆ ಕೂತ ನೊಣವನ್ನು ನಾಲಿಗೆಯಿಂದ ಓಡಿಸಿ ಕಣ್ಣು ಮುಚ್ಚಿತು. ‘ಮೂಗು ನೆಕ್ಕಿಕೊಂಡು ಕಣ್ಣು ಮುಚ್ಚಿತು’ ಎಂದು ಬರೆದ. ಎಂಥ ದರಿದ್ರ ಫಾರಸಿ! ಉಸ್ತಾದರು ಇದ್ದಿದ್ದರೆ ಬೆನ್ನು ಮುರಿಯುತ್ತಿದ್ದರು. ಆದರೆ ಅಕ್ಷರಗಳು, ನೊಗ ಇಳಿಸಿದ ದನ ಹೊಂಡಕ್ಕೆ ಇಳಿಯುವ ಹಾಗೆ, ಬಲದಿಂದ ಎಡಕ್ಕೆ ಬಾಗಿ ಬಾಗಿ ಇಳಿದಿದ್ದವು. ಇಷ್ಟು ಸಲೀಸಾಗಿ ಅವು ಜಾಗೀರದಾರರ ಕಾಗದದಲ್ಲಿ ಇಳಿದಿರಲಿಲ್ಲ. ಬರಿಯ ಹಾಳೆ ಬತ್ತಲೆ ಕಂಡಿತೆಂದು ಸುತ್ತ ಕೆಂಪು ಗೆರೆ, ಅದರ ಹೊರಗೆ ನೀಲಿ ಗೆರೆ ಎಳೆದ.

ಶಿವಕಾಂತಮ್ಮ ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿದಳು. ಅವನು ತಿರುಗಿಸಿ ಕೊಟ್ಟ. “ಇದರಾಗ ಒಂಟಿ ಎಲ್ಲದ?” ಅವನು ತೋರಿಸಿದ. “ನೀರು?” ತೋರಿಸಿದ. ಜೋಳದ ಗಂಜಿ ಹಚ್ಚಿಕೊಂಡು ಹೋಗಿ ಕೊಟ್ಟಿಗೆಯ ಕಂಬಕ್ಕೆ, ಹಂಡ್ಯಾನ ತಲೆಯ ಮೇಲೆ, ಅದನ್ನು ಅಂಟಿಸಿ ಬಂದಳು.

ಅಂಬಾರಾಯ ಬಂದಾಗ ಕಣದಲ್ಲಿ ರಾಶಿ ಕೂಡಿಸುತ್ತಿದ್ದರು. ಹೆಗಲ ಮೇಲೆ ಹೊಸ ಹಗ್ಗ, ಬಾಯಲ್ಲಿ ಎಲೆಯಡಿಕೆ. ಕಾಶಪ್ಪನ ಜೊತೆ ಮಾತಾಡುತ್ತ ಕೊಟ್ಟಿಗೆಗೆ ಹೋದವನು ಒಳಗೆ ಹೆಚ್ಚು ಹೊತ್ತು ಇರಲಿಲ್ಲ. ಹೊರಗೆ ಬಂದು ಎಲೆಯಡಿಕೆ ಉಗುಳಿದ.

“ಕಾಶಪ್ಪಣ್ಣಾ, ಇದನ್ನ ಮೊದಲ ಹೇಳಬಾರ್ದೇನು? ಸರಕಾರಿ ಕಾಗದ ಹಚ್ಚಿದ ದನ ಅದು. ಹ್ವಾದ ವರ್ಷ ನಾಲವಾರದಾಗ ಜಪ್ತಿ ಎಮ್ಮಿ ಒಂದು ಗೊತ್ತಿಲ್ಲದ ಹಿಡಕೊಂಡು ಚಿತ್ತಾಪುರ ಕಚೇರಿಗಿ ತಿರುಗಿ ತಿರುಗಿ ನನ್ನ ಚಪ್ಪಲಿ ಸವದಾವ.”

ಕಾಶಪ್ಪ ಬಾಯಿ ತೆರೆದ. ತೆರೆದವನು ತಾಯಿಯ ಕಡೆ ನೋಡಿದ, ಪಡಸಾಲೆಯ ಕಡೆ ನೋಡಿದ. ಅದು ಜಪ್ತಿಯಲ್ಲ, ನಮ್ಮವ್ವ ಒಂಟೆಯ ಕಥೆ ಬರೆಸಿ ಎತ್ತಿನ ತಲೆಯ ಮೇಲೆ ಅಂಟಿಸಿದ್ದಾಳೆ ಎಂದು ಈ ದಲಾಲಿಗೆ ಹೇಳಿದರೆ, ನಾಳೆ ಶೇಡಂ ಸಂತೆ, ಆಚೆ ನಾಳೆ ವಾಡಿ, ಎಲ್ಲಿ ಹೋದರೂ ತನಗಿಂತ ಮೊದಲು ಆ ಮಾತು ಮುಟ್ಟಿರುತ್ತದೆ. ಅವನು ಬಾಯಿ ಮುಚ್ಚಿದ.

ಅಂಬಾರಾಯ ಪಡಸಾಲೆಗೆ ಬಂದ. “ಸಾಬ್ರ, ನೀವು ಓದ್ಕೊಂಡವರು. ಏನ್ ಬರದಾರ ಅದರಾಗ, ಓದ್ರಿ ಸ್ವಲ್ಪ.”

ಲಾಲ್ ಅಹ್ಮದ್ ಎದ್ದ. ಹೋಗುವಾಗ ಕಾಲಿಗೆ ಜೋಮು ಹಿಡಿದಿತ್ತು. ಕಂಬದ ಮುಂದೆ ನಿಂತು, ಎರಡು ಕೈ ಹಿಂದೆ ಕಟ್ಟಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ, ಫಾರಸಿಯಲ್ಲೇ ಓದಿದ. ಕಾತಿಬನಾದವನು ಬರೆದದ್ದನ್ನು ಓದಬೇಕು, ಓದಿದ. ನೀರಡಿಕೆಗೆ ದನಿ ಗೊಗ್ಗರಾಗಿ, ಅವನಿಗೇ ಅದು ತಹಶೀಲದಾರರ ದನಿಯಂತೆ ಕೇಳಿತು.

“ಅಂದ್ರ ದನ ಬಿಡಬಾರ್ದಂತೇನು?” ಎಂದ ಅಂಬಾರಾಯ.

“ಬಿಡ್ರಿ ಅಂತ ಇದರಾಗ ಎಲ್ಲಿಯೂ ಬರದಿಲ್ಲ.”

ಅಂಬಾರಾಯ ಹಗ್ಗ ಹೆಗಲಿಗೇರಿಸಿ ಹೊರಟುಹೋದ. ಹೆಣ್ಣಾಳುಗಳು ರಾಶಿಯ ಹಿಂದೆ ಮುಖ ಮರೆಮಾಡಿಕೊಂಡರು. ಕಾಶಪ್ಪ ಬಹಳ ಹೊತ್ತು ಬಡಿಗೆಯಿಂದ ನೆಲ ಕೆದರುತ್ತ ನಿಂತಿದ್ದ. ಬಯ್ಯುತ್ತಾನೆ ಎಂದು ಲಾಲ್ ಅಹ್ಮದ್ ಕಾದ, ಬೈದರೆ ಹಗುರಾಗುತ್ತಿತ್ತು. ಕೊನೆಗೆ ಕಾಶಪ್ಪ, “ನಾಳಿಂದ ಅದರ ಬಾಲ ಹಿಡದು ಎಬ್ಬಸಾಕ ನೀವೂ ಬರ್ರಿ ಸಾಬ್ರ. ಒಂದು ಕಡಿ ನಾ, ಒಂದು ಕಡಿ ನಿಮ್ಮ ರಾಜಕುಮಾರ,” ಎಂದ.

“ಬರ್ತೀನಿ,” ಎಂದ ಲಾಲ್ ಅಹ್ಮದ್.

ಹೊತ್ತು ಮುಳುಗಿತು. ಮಸೀದಿಯ ಕಡೆಯಿಂದ ಬಾಂಗು ಕೇಳಿದಾಗ ಶಿವಕಾಂತಮ್ಮ ತಟ್ಟೆ ತಂದಿಟ್ಟು ತಂಬಿಗೆ ಮುಂದೆ ಮಾಡಿದಳು. ಅವನು ನೀರು ಕುಡಿದ. ರೊಟ್ಟಿ ಮುರಿಯುವ ಮೊದಲು ನಿನ್ನೆಯ ಹಾಳೆ ಎಳೆದುಕೊಂಡು, ಬೆಳಕು ಇನ್ನೂ ಇರುವಾಗಲೇ, ಬುಡದ ಪದವನ್ನು ನಾಲಿಗೆಯ ತುದಿಯಿಂದ ನೆಕ್ಕಿದ. ಕಾಡಿಗೆಯ ಕಹಿ, ಜಾಲಿ ಅಂಟಿನ ಮಂದ ಸಿಹಿ. ಆ ಜಾಗ ಆರಿದ ಮೇಲೆ ಶಂಖದಿಂದ ಉಜ್ಜಿ ‘ಖಂಜರ್’ ಎಂದು ಬರೆದ. ಕಠಾರಿ ಕಠಾರಿಯ ಹಾಗೆಯೇ ಬಂತು. ಮುದುಕಿ ನೋಡುತ್ತಿದ್ದಳು, ಏನು ಅಳಿಸಿದೆ, ಏನು ಬರೆದೆ ಎಂದು ಕೇಳಲಿಲ್ಲ. ಜಾಗೀರದಾರರ ಪುಸ್ತಕದ ಜೊತೆ ಅವಳಿಗೆ ಯಾವ ವ್ಯವಹಾರವೂ ಇರಲಿಲ್ಲ.

“ಬರದು ಕೊಟ್ಟೀನಲ್ಲ ಅಮ್ಮಾ,” ಎಂದ ರೊಟ್ಟಿ ಮುರಿಯುತ್ತ. “ತೀರಿತಿಲ್ಲೋ ನಿಮ್ಮದು?”

“ಹೆಂಗ ತೀರ್ತದ? ಒಂಟಿ ನೀರು ಕುಡದು ಅಲ್ಲೇ ನಿಂತದ. ಗಂಟಲು ತೊಯ್ತಲ್ಲ ಈಗ, ಮುಂದ ಹೇಳು. ಎಲ್ಲಿಗಿ ಹೋದ ಅವ?”

ಅವನು ಅಗಿಯುತ್ತ ಯೋಚಿಸಿದ. “ಮೂಡಣ ದಿಕ್ಕಿಗಿ ಹೊಂಟ.”

“ಅದರ ಮ್ಯಾಲ ಹತ್ತಿ ಕುಂತನೇನು? ಮುದಿ ಪ್ರಾಣಿ ಅದು.”

“ಇಲ್ಲಮ್ಮಾ. ಅವ ನಡಕೋತ ಹೊಂಟ.”

“ಹಾಂ,” ಎಂದಳು. ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದ ಕಾಶಪ್ಪನ ಸಪ್ಪಳ ನಿಂತಿತು, ಅವನೂ ಕೇಳುತ್ತಿದ್ದಂತಿತ್ತು. ಪುಸ್ತಕದಲ್ಲೂ ರಾಜಕುಮಾರ ಇಲ್ಲಿಂದ ಮುಂದೆ ನಡೆದೇ ಹೋಗುತ್ತಾನೆ. ಆ ಒಂದು ವಾಕ್ಯದಲ್ಲಿ ಪುಸ್ತಕ ಮತ್ತು ಪಡಸಾಲೆ ಎರಡೂ ಒಂದೇ ಮಾತು ಆಡಿದವೆಂದು ಲಾಲ್ ಅಹ್ಮದನಿಗೆ ಸಮಾಧಾನವಾಯಿತು. ಪಲ್ಯ ನಂಜಿಕೊಂಡು ಎರಡನೆಯ ರೊಟ್ಟಿಗೆ ಕೈ ಹಾಕಿದ.

“ಒಂಟಿ?” ಎಂದಳು ಶಿವಕಾಂತಮ್ಮ.

“ಹಿಂದಿಂದ ಬರಾಕತ್ತದ ಅಮ್ಮಾ.”

ಪುಸ್ತಕದಲ್ಲಿ ಇನ್ನು ಸ್ವಲ್ಪ ದೂರ ಹೋದರೆ ಸಮುದ್ರ ಸಿಗುವುದಿತ್ತು. ಅಲ್ಲಿ ರಾಜಕುಮಾರನಿಗಾಗಿ ಒಂದು ದೋಣಿ ಕಟ್ಟಿ ನಿಲ್ಲಿಸಿದ್ದರು. ಒಬ್ಬನೇ ಕೂರುವಂಥ ದೋಣಿ ಅದು.